ಬೆಂಚಿನ ಮೇಲೆ ಕೂತವನ ಕಣ್ಣು

ಚಿಕ್ಕಮಗಳೂರು
27 ಮೇ 2025, ಮಂಗಳವಾರ

ಬೆಳಗ್ಗೆಯಿಂದ ಮಳೆ ಬಿಟ್ಟೇ ಇಲ್ಲ. ಈ ಸಲ ಮುಂಗಾರು ಮೇ ಮುಗಿಯುವ ಮೊದಲೇ ಬಂದುಬಿಟ್ಟಿದೆ. ಮುಳ್ಳಯ್ಯನಗಿರಿ ಮಂಜಿನಲ್ಲಿ ಮುಚ್ಚಿಹೋಗಿದೆ. ಹುಡುಗರಿಗೆ ಫುಟ್‌ಬಾಲ್ ಪ್ರಾಕ್ಟೀಸ್ ಇಲ್ಲ ಅಂತ ಫೋನ್ ಮಾಡಿ ಹೇಳಿದೆ.

ಒಬ್ಬ ಹುಡುಗನದೇ ಯೋಚನೆ. ಹೋದ ವಾರದ ಪಂದ್ಯದಲ್ಲಿ ಅವನನ್ನು ಕೊನೆವರೆಗೂ ಇಳಿಸಲಿಲ್ಲ. ಪಂದ್ಯ ಮುಗಿಯಲು ಹತ್ತು ನಿಮಿಷ ಇರುವಾಗಲೇ ಬೂಟಿನ ಲೇಸ್ ಬಿಚ್ಚಿಕೊಂಡು ತಲೆ ತಗ್ಗಿಸಿ ಕೂತಿದ್ದ. ಮಾತಾಡಿಸಿದರೆ ಸುಮ್ನೆ ತಲೆ ಆಡಿಸಿದ.

ನಿನ್ನೆ ರಾತ್ರಿ ಅದಕ್ಕೇ, ಮ್ಯಾಂಚೆಸ್ಟರ್ ಯುನೈಟೆಡ್‌ನ ಬೆಂಚಿನಿಂದ ಎದ್ದು ಬಂದು ಗೋಲು ಹೊಡೆಯುತ್ತಿದ್ದ ಸೋಲ್ಶಾರ್ ನೆನಪಾದ. ತಾರೀಖೂ ಅದೇ. 1999ರ ಮೇ 26. ಆವತ್ತು ಕ್ರಿಕೆಟ್ ವಿಶ್ವಕಪ್‌ನಲ್ಲಿ, ಇಂಗ್ಲೆಂಡಿನ ಟಾಂಟನ್‌ನಲ್ಲಿ ಶ್ರೀಲಂಕಾ ಮೇಲೆ ನಮ್ಮ ದ್ರಾವಿಡ್ 145, ಗಂಗೂಲಿ 183. ಇಬ್ಬರೂ ಸೇರಿ 318 ರನ್ ಜೊತೆಯಾಟ. ಬೀದಿಯಲ್ಲೆಲ್ಲ ಪಟಾಕಿ. ಎಲ್ಲರೂ ಮಲಗಿದ ಮೇಲೆ ನಾನು, ಚಿಕ್ಕಪ್ಪ ಇಬ್ಬರೇ ಎದ್ದಿದ್ದೆವು. ಅಜ್ಜಿಗೆ ಎಚ್ಚರವಾದೀತು ಅಂತ ಟಿವಿಗೆ ಸೌಂಡೇ ಇಲ್ಲ. ಬಾರ್ಸಿಲೋನಾದಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್, ಯುನೈಟೆಡ್‌ಗೂ ಜರ್ಮನಿಯ ಬಯರ್ನ್ ಮ್ಯೂನಿಕ್‌ಗೂ. 6ನೇ ನಿಮಿಷಕ್ಕೇ ಬಯರ್ನ್ ಮ್ಯೂನಿಕ್ ಮುಂದೆ. ಸೋಲ್ಶಾರ್‌ನನ್ನು ಇಳಿಸಿದ್ದು 81ನೇ ನಿಮಿಷಕ್ಕೆ.

ನಮ್ಮಲ್ಲಿ ಆಗ ರಾತ್ರಿ ಎರಡು ದಾಟಿತ್ತು. 90 ನಿಮಿಷ ಮುಗಿದು ಇಂಜುರಿ ಟೈಮ್‌ನಲ್ಲಿ ಯುನೈಟೆಡ್‌ನ ಶೆರಿಂಗಮ್ ಸಮ ಮಾಡಿದ. ಮತ್ತೆ ಕಾರ್ನರ್. ಬೆಕಮ್ ಹಾಕಿದ ಚೆಂಡನ್ನು ಶೆರಿಂಗಮ್ ತಲೆಯಿಂದ ತಳ್ಳಿದ. ಸೋಲ್ಶಾರ್ ಬಲಗಾಲು ಚಾಚಿದ, ಅಷ್ಟೇ. ಚೆಂಡು ಹೋಗಿ ಬಲೆಯ ಮೇಲ್ಭಾಗಕ್ಕೆ ಬಿತ್ತು. ಚಿಕ್ಕಪ್ಪ ಬಾಯಿಗೆ ಟವೆಲ್ ಒತ್ತಿಕೊಂಡು ಕುಣಿದಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅದೃಷ್ಟ ಅಂದವರು ಜಾಸ್ತಿ. ನಾನು ಒಪ್ಪುವುದಿಲ್ಲ. ಬೆಂಚಿನ ಮೇಲೆ ಕೂತಾಗ ಎದುರಾಳಿ ಡಿಫೆಂಡರ್‌ಗಳು ಎಲ್ಲಿ ತಪ್ಪುತ್ತಾರೆ ಅಂತ ನೋಡುತ್ತಲೇ ಇರುತ್ತಿದ್ದ ಸೋಲ್ಶಾರ್. ಅದೇ ವರ್ಷ ಫೆಬ್ರವರಿಯಲ್ಲಿ ನಾಟಿಂಗಮ್ ಫಾರೆಸ್ಟ್ ಮೇಲೆ ಬದಲಿಯಾಗಿ ಇಳಿದು, ಕೊನೇ ಹನ್ನೆರಡು ನಿಮಿಷದೊಳಗೆ 4 ಗೋಲು ಹೊಡೆದಿದ್ದ. ಒಂದಲ್ಲ, ನಾಲ್ಕೂ ಅದೃಷ್ಟವೇ?

ಮ್ಯಾಂಚೆಸ್ಟರ್ ಯುನೈಟೆಡ್‌ಗೆ 366 ಪಂದ್ಯ, 126 ಗೋಲು. ಮಂಡಿ ಕೈಕೊಟ್ಟು 2007ರಲ್ಲಿ ಆಟ ನಿಲ್ಲಿಸಿದ. ಯುನೈಟೆಡ್‌ನ ರಿಸರ್ವ್ ಹುಡುಗರಿಗೆ ಕೋಚ್ ಆದ. 2011ರಲ್ಲಿ ತನ್ನ ಹಳೇ ಕ್ಲಬ್, ನಾರ್ವೆಯ ಮೋಲ್ಡೆಗೆ ಮ್ಯಾನೇಜರ್ ಆಗಿ ಹೋದ. ಆ ಕ್ಲಬ್ಬಿಗೆ ಆಗ ನೂರು ವರ್ಷ, ಒಂದು ಸಲವೂ ಲೀಗ್ ಗೆದ್ದಿರಲಿಲ್ಲ. ಮೊದಲ ವರ್ಷವೇ ಗೆಲ್ಲಿಸಿದ. ಮರು ವರ್ಷವೂ ಗೆಲ್ಲಿಸಿದ. ನನಗೆ ಇದು ಬಾರ್ಸಿಲೋನಾದ ಗೋಲಿಗಿಂತ ದೊಡ್ಡದು. ಆಮೇಲೆ ಬ್ರಿಟನ್ನಿನ ಕಾರ್ಡಿಫ್ ಕ್ಲಬ್ಬಿನಲ್ಲಿ ಕೈ ಹತ್ತಲಿಲ್ಲ. ಮತ್ತೆ ಮೋಲ್ಡೆಗೇ ಬಂದ. ಈಗ ಹೆಸರು ಮಾಡಿರುವ ಸ್ಟ್ರೈಕರ್ ಹಾಲಂಡ್ ಹದಿಹರೆಯದಲ್ಲಿ ಪಳಗಿದ್ದು ಅಲ್ಲೇ, ಇವನ ಕೈಕೆಳಗೆ.

ಯುನೈಟೆಡ್‌ನಲ್ಲಿ 2018ರ ಡಿಸೆಂಬರ್‌ನಿಂದ ಸುಮಾರು ಮೂರು ವರ್ಷ ಮ್ಯಾನೇಜರ್. ಕಪ್ ಬರಲಿಲ್ಲ, ನಿಜ. 2021ರ ಯುರೋಪಾ ಲೀಗ್ ಫೈನಲ್‌ನಲ್ಲಿ ಸ್ಪೇನಿನ ವಿಯಾರಿಯಲ್ ಎದುರು ಪೆನಾಲ್ಟಿಯಲ್ಲಿ 11-10ಕ್ಕೆ ಸೋತರು. ಅದೇ ನವೆಂಬರ್‌ನಲ್ಲಿ ತೆಗೆದರು. ಒಂದು ಪೆನಾಲ್ಟಿ ಆಚೆ ಈಚೆ ಆಗಿದ್ದರೆ ಜನ ಅವನ ಬಗ್ಗೆ ಬೇರೆ ಥರ ಮಾತಾಡುತ್ತಿದ್ದರು, ಅಲ್ವಾ? 2025ರ ಜನವರಿಯಲ್ಲಿ ಟರ್ಕಿಯ ಬೆಸಿಕ್ತಾಸ್ ಕ್ಲಬ್ಬಿಗೆ ಮ್ಯಾನೇಜರ್ ಆಗಿ ಹೋದ. ಎಲ್ಲಿದ್ದರೂ ಅವನಿಗೆ ಒಳ್ಳೆಯದಾಗಲಿ.

ಸಂಜೆ ಐದಕ್ಕೆ ಆ ಹುಡುಗ ಛತ್ರಿ ಹಿಡಿದು ಮನೆಗೇ ಬಂದ. ಪ್ಯಾಂಟು ಮೊಣಕಾಲವರೆಗೂ ಒದ್ದೆ. ಕಾಫಿ ಕೊಟ್ಟು, ಆ ಗೋಲನ್ನು ಮೊಬೈಲಿನಲ್ಲಿ ತೋರಿಸಿದೆ. ಮೂರು ಸಲ ನೋಡಿದ.

"ಹೋದ ವಾರ ಬೆಂಚಲ್ಲಿ ಕೂತು ಏನು ನೋಡಿದೆ, ಹೇಳು ಮಗಾ" ಅಂದೆ.

ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದ. "ಸರ್, ಅವರ ಗೋಲ್‌ಕೀಪರ್ ಕಾರ್ನರ್ ಬಂದಾಗಲೆಲ್ಲ ಎರಡು ಹೆಜ್ಜೆ ಮುಂದೆ ಬರ್ತಾನೆ. ಹಿಂದೆ ಖಾಲಿ ಇರುತ್ತೆ."

ನಾನು ಅದನ್ನು ಗಮನಿಸಿಯೇ ಇರಲಿಲ್ಲ.