ಈ ಡೀಸೆಲ್ ಯಾವ ಲೆಕ್ಕಕ್ಕ ಹಾಕ್ಲಿ?

ನಾನು ಫೋಂಡಾದಾಗ ಅಕೌಂಟ್ಸ್ ಕೆಲಸಕ್ಕ ಬಂದು ಒಂಬತ್ತು ವರ್ಷ ಆತ್ರಿ, ಊರು ನವಲಗುಂದ ತಾಲೂಕಿನಾಗ ಒಂದು ಹಳ್ಳಿ. ಗೋವಾದಾಗ ನಮ್ಮ ಮಂದಿಗೇನ್ ಕಡಿಮಿ ಇಲ್ಲ, ವಾಸ್ಕೋದ ಬೈನಾ, ಝುವಾರಿನಗರದ ಕಡೆ ಹೋದ್ರ ಗದಗ, ಕೊಪ್ಪಳ, ಬಿಜಾಪುರದ ಮಾತ ಕಿವಿಗೆ ಬೀಳ್ತಾವ. ನನ್ನ ಹತ್ರ ಲೆಕ್ಕ ಬರಸವ್ರು ಅಂದ್ರ ಹಾರ್ಡ್‌ವೇರ್ ಅಂಗಡಿಯವ್ರು, ಒಂದೆರಡು ಲಾಡ್ಜು, ಒಂದು ಬೇಕರಿ, ಚಿರೇಕಲ್ಲಿನ ಲಾರಿ ಇಟ್ಟವ್ರು. ಇವ್ರ ನಡುವ ಒಂದು ಕಂಪನಿ ಐತಿ, ಅವ್ರ ವೋಚರ್ ಕಟ್ಟು ಬಿಚ್ಚಿದ್ರ ಮೊದಲ ವರ್ಷ ನಂಗ ತಲಿಬುಡ ತಿಳೀತಿರಲಿಲ್ಲ. ಗಮ್‌ಬೂಟ್ 4 ಜೋಡಿ, ಪೆನ್ಸಿಲ್ ಸೆಲ್ 64, ತಲಿಗೆ ಕಟ್ಟೋ ಟಾರ್ಚು, ಬ್ಲೀಚಿಂಗ್ ಪೌಡರ್, ಉಪ್ಪಿನ ಪಾಕೀಟು. ಉಪ್ಪು ಯಾಕ್ರೀ ಆಫೀಸಿಗೆ ಅಂತ ಕೇಳಿದ್ರ ಜಿಗಳಿಗೆ ಅಂದ್ರು.

ಕಾಡು, ಪ್ರಾಣಿ, ಗಿಡದ ಕೆಲಸ ಮಾಡೋ ಪಾರ್ಟ್‌ನರ್‌ಶಿಪ್ ಫರ್ಮ್ ಅದು. ಇಬ್ರು ಪಾರ್ಟ್‌ನರು, ಇಬ್ರು ಕೆಲಸದವ್ರು, ಒಂದು ಹಳೇ ಬೊಲೆರೊ, ಅಷ್ಟ. ಯಾರರೆ ರಸ್ತೆ, ಗಣಿ, ರೆಸಾರ್ಟು ಮಾಡೂಕಿಂತ ಮೊದಲ ಅಲ್ಲಿ ಏನೇನ್ ಜೀವ ಅದಾವ ಅಂತ ಎಣಿಸಿ ವರದಿ ಬರದು ಕೊಡ್ತಾರ, ಪ್ರಾಣಿ ಹಾದು ಹೋದ್ರ ತಾನ ಫೋಟೋ ಹೊಡಿಯೋ ಕ್ಯಾಮೆರಾ ಟ್ರ್ಯಾಪ್ ಕಟ್ತಾರ, ಹಾವು ಹಿಡಿಯೋ ಹುಡುಗ್ರಿಗೆ ತರಬೇತಿ ಕೊಡ್ತಾರ, ಮಳಿಗಾಲದಾಗ ಮಂದಿನ್ನ ರಾತ್ರಿ ಕಪ್ಪಿ ನೋಡಾಕ ಕರ್ಕೊಂಡು ಹೋಗ್ತಾರ. ಒಬ್ರು ಪಾರ್ಟ್‌ನರ್ ಶಿರಸಿ ಕಡೆಯವ್ರು, ಧಾರವಾಡದಾಗ ಎಂಎಸ್ಸಿ ಮಾಡಿದವ್ರು, ನಾ ಅವ್ರಿಗೆ ಅಕ್ಕಾ ಅಂತೀನಿ. ಇನ್ನೊಬ್ರು ಇಲ್ಲೇ ಸತ್ತರಿ ತಾಲೂಕಿನ ಸರ್, ಮಾತು ಕಡಿಮಿ. ಕೆಲಸದವ್ರೊಳಗ ಒಬ್ರು ಕೇರಿ ಊರಿನ ಮಾಮಾ, ಅರವತ್ತು ದಾಟೇತಿ. ಇನ್ನೊಬ್ಬ ಡ್ರೈವರ್ ಹುಡುಗ, ಅಪ್ಪ ಅವ್ವ ಕೊಪ್ಪಳದ ಕಡೆಯಿಂದ ಗೌಂಡಿ ಕೆಲಸಕ್ಕ ಬಂದವ್ರು, ಇಂವ ಹುಟ್ಟಿದ್ದು ಬೆಳದದ್ದು ಬೈನಾದಾಗ, ಹತ್ತನೇ ಆದ ಮ್ಯಾಲ ಸಾಲಿ ಬಿಟ್ಟಾನ. ಎಲ್ಲಾರೂ ಅವಂಗ ತಮ್ಮಾ ಅಂತಾರ, ನಾನೂ ಹಂಗ ಬರೀತೀನಿ.

ಹೋದ ವರ್ಷದ ಒಂದು ಮಾತು ಮೊದಲ ಹೇಳಬೇಕು. ಒಂದು ಸಡಾ ಮ್ಯಾಲ ಎಣಿಕಿ ಮಾಡೋ ಕೆಲಸ ಸಿಕ್ಕಿತ್ತು ಇವ್ರಿಗೆ. ಸಡಾ ಅಂದ್ರ ಗುಡ್ಡದ ನೆತ್ತಿ ಮ್ಯಾಲ ಹಾಸಿದಂಗ ಇರೋ ಕೆಂಪು ಜಂಬಿಟ್ಟಿಗೆ ಬಯಲು, ಕೊಂಕಣದಾಗ ಗೋವಾದಾಗ ಎಲ್ಲಾ ಕಡೆ ಅದಾವ. ಬ್ಯಾಸಗ್ಯಾಗ ನೋಡಿದ್ರ ಬರೇ ಕಲ್ಲು, ಕಾಲಿಟ್ರ ಸುಡ್ತೈತಿ, ಯಾರಾದ್ರೂ ಇದು ಬೀಳು ಜಾಗ ಅಂತಾನ ಅನ್ನೋದು. ಇವ್ರು ಏಪ್ರಿಲ್‌ನಾಗ ಒಮ್ಮೆ ಎಣಿಸಿದ್ರು, ಜುಲೈನಾಗ ಇನ್ನೊಮ್ಮೆ. ವರದಿ ಕೊಟ್ಟ ಮ್ಯಾಲ ಕೆಲಸ ಕೊಟ್ಟವ್ರ ಕಡೆಯಿಂದ ಫೋನ್ ಬಂತು, ನಾ ಅವತ್ತು ಅಲ್ಲೇ ಕುಂತಿದ್ದೆ. ಮಳೆಗಾಲದ ಪುಟ ತೆಗದು ಬಿಡ್ರಿ, ಬ್ಯಾಸಗಿ ಲೆಕ್ಕ ಇದ್ರ ಸಾಕು ಅಂತ. ಅಕ್ಕ ದನಿ ಏರಿಸಲಿಲ್ಲ, "ಆಗೋದಿಲ್ಲ, ನೋಡಿದ್ದನ್ನ ನೋಡಿಲ್ಲ ಅಂತ ಬರೆಯೋಕೆ ಬರೋದಿಲ್ಲ ನಂಗೆ" ಅಂದು ಇಟ್ರು. ಬಿಲ್ 1,80,000, ಅದರ ಮ್ಯಾಲ ಜಿಎಸ್‌ಟಿ 18 ಪರ್ಸೆಂಟ್ ಅಂದ್ರ 32,400. ಅವತ್ತಿಂದ ಇವತ್ತಿನ ತನಕ ಒಂದು ಪೈಸೆ ಬಂದಿಲ್ಲ, ಆದ್ರ ಬಿಲ್ ಹಾಕಿದ ಮ್ಯಾಲ ರೊಕ್ಕ ಬರ್ಲಿ ಬಿಡ್ಲಿ ಮುಂದಿನ ತಿಂಗಳು 20ನೇ ತಾರೀಖಿಗೆ ತೆರಿಗಿ ಕಟ್ಟಾಕಬೇಕು, ಅದನ್ನ ಅಕ್ಕ ಸ್ವಂತ ಕೈಯಿಂದ ಕಟ್ಟಿದ್ರು, ಆ ಚಲನ್ ಮಾಡಿದಾಂವ ನಾನ. ಅವಾಗ ನಾ ಅವ್ರಿಗೆ ಅಂದಿದ್ದೆ, ಎರಡು ಪುಟದ ಸಲುವಾಗಿ ಇಷ್ಟು ರೊಕ್ಕ ಯಾಕ ಕಳ್ಕೋತೀರಿ ಅಕ್ಕಾ ಅಂತ. ಅಂದದ್ದು ಇವತ್ತಿಗೂ ಮನಸಿನಾಗ ಕೊರೀತೈತಿ.

ಈ ವರ್ಷ ಜೂನ್ ಜುಲೈದ ವೋಚರ್ ಬಂದ್ವು. ನೋಡ್ತೀನಿ, ಡೀಸೆಲ್ ಬಿಲ್ಲಿನ ಹಿಂದ ಅದೇ ಸಡಾದ ಹೆಸರು, ಮೂರು ಸಲ ಹೋಗ್ಯಾರ. ಪ್ರಾಜೆಕ್ಟ್ ಮುಗದು ವರ್ಷ ಆತು, ರೊಕ್ಕ ಬಂದಿಲ್ಲ, ಮತ್ತ್ಯಾಕ ಹೋದ್ರು? ಫೋನ್ ಮಾಡಿ ಕೇಳಿದೆ, ಅಕ್ಕಾ ಈ ಡೀಸೆಲ್ ಯಾವ ಲೆಕ್ಕಕ್ಕ ಹಾಕ್ಲಿ ಅಂತ. ಅವ್ರು ಒಂದು ನಿಮಿಷ ಸುಮ್ಮನಿದ್ದು, "ಶನಿವಾರ ನಾವು ಹೊರಟಿದ್ದೇವೆ, ನೀವೂ ಬನ್ನಿ, ನೋಡಿಕೊಂಡು ನೀವೇ ಹೇಳಿ" ಅಂದ್ರು.

ಶ್ರಾವಣ ಅದು. ಮಧ್ಯಾಹ್ನ ಊಟ ಮಾಡಿ ಬಿಟ್ವಿ, ಸಾಖಳಿ ದಾಟಿ ಕೇರಿ ಕಡೆ. ಇದು ಚೋರ್ಲಾ ಘಾಟಿನ ರಸ್ತೆ, ನಾ ಊರಿಗೆ ಹೋಗೋದು ಇದೇ ದಾರಿ, ಬೆಳಗಾವಿ ಬಸ್ಸಿನಾಗ ಎಷ್ಟು ಸಲ ನಿದ್ದಿ ಮಾಡಕೋತ ದಾಟೀನೋ ಲೆಕ್ಕ ಇಲ್ಲ. ಮಾಮಾ ಕೇರಿಯೊಳಗ ಹತ್ತಿದ್ರು. ಗಾಡಿ ನಿಂತ ಮ್ಯಾಲ ಮೊದಲ ಕೆಲಸ ಏನಂದ್ರ ಎಲ್ಲಾರೂ ಬೂಟು ತೊಳಿಯೋದು. ಬಕೀಟಿನಾಗ ಬ್ಲೀಚಿಂಗ್ ಪೌಡರ್ ಕಲಿಸಿ, ಬ್ರಶ್ ತೊಗೊಂಡು, ಅಡಿಯ ಸಂದಿಯೊಳಗಿನ ಮಣ್ಣೆಲ್ಲಾ ತೆಗದು, ನನ್ನ ಬೂಟು ತಮ್ಮನ ತೊಳದ ಕೊಟ್ಟ. ಕಪ್ಪಿ ಚರ್ಮಕ್ಕ ಹತ್ತೋ ಒಂದು ಫಂಗಸ್ ಐತೆಂತ, ಜಗತ್ತಿನಾಗ ಎಷ್ಟೋ ಜಾತಿ ಕಪ್ಪಿ ಅದರಿಂದ ನಾಶ ಆಗ್ಯಾವ, ಒಂದು ಹಳ್ಳದ ಕೆಸರು ಇನ್ನೊಂದು ಹಳ್ಳಕ್ಕ ನಮ್ಮ ಕಾಲಿನಿಂದ ಹೋಗಬಾರ್ದು. ಆ ಬ್ಲೀಚಿಂಗ್ ಪೌಡರ್‌ನ ನಾ ಮೂರು ವರ್ಷದಿಂದ ಹೌಸ್‌ಕೀಪಿಂಗ್ ಖರ್ಚಿನಾಗ ಹಾಕ್ತಿದ್ದೆ.

ಸಡಾ ಮ್ಯಾಲ ಹತ್ತಿದ್ವಿ. ಏಪ್ರಿಲ್ ತಿಂಗಳದ ಫೋಟೋ ವರದಿಯೊಳಗ ನೋಡಿದ್ದೆ, ಅದ ಜಾಗ ಅಂತ ನಂಬಾಕ ಆಗಲಿಲ್ಲ. ಕಲ್ಲಿನ ತಗ್ಗಿನೊಳಗೆಲ್ಲಾ ಪಾರದರ್ಶಕ ನೀರು, ಅದರ ಅಂಚಿಗೆ ಗುಂಡುಸೂಜಿ ತಲಿಯಷ್ಟು ಬಿಳಿ ಹೂವು, ನೇರಳಿ ಹೂವು, ಹಾಸಿಗಿ ಹಾಸಿದಂಗ. ನೇರಳಿ ಹೂವಿಗೆ ಮರಾಠಿಯವ್ರು ಸೀತೆಚಿ ಆಸವೆಂ, ಅಂದ್ರ ಸೀತಮ್ಮನ ಕಣ್ಣೀರು ಅಂತಾರಂತ. ಅಕ್ಕ ಮೊಣಕಾಲೂರಿ ಒಂದು ಗಿಡದ ಬುಡ ತೋರಿಸಿದ್ರು, ಬೇರಿನಂಗ ಇರೋ ಎಳಿಗೆ ರವಾ ಕಾಳಿನಂಥ ಸಣ್ಣ ಚೀಲ. ನೀರಿನಾಗಿನ ಹುಳ ಬಂದು ಮುಟ್ಟಿದ್ರ ಚೀಲದ ಬಾಯಿ ತೆರದು ಒಳಗ ಎಳಕೋತೈತಿ, ಇಲ್ಲಿ ಮಣ್ಣಿನಾಗ ಸತ್ವ ಇಲ್ಲ, ಅದಕ್ಕ ಗಿಡ ಹುಳ ತಿಂದು ಬದುಕ್ತಾವ. ಮತ್ತ ಈ ಕಲ್ಲು ಸುಮ್ನ ಕಲ್ಲಲ್ಲ, ಸ್ಪಂಜಿನಂಗ ಮಳಿನೀರು ಕುಡದು ಇಟ್ಕೋತೈತಿ, ಬುಡದಾಗಿನ ಊರುಗಳ ಝರಿ, ಅಡಿಕಿ ತೋಟ ಬ್ಯಾಸಗ್ಯಾಗ ಉಳಿಯೋದು ಅದರಿಂದ. ಮಾಮಾರ ಮನಿ ಬಾವಿನೂ.

ಸಂಜಿ ಕತ್ಲಾದ ಮ್ಯಾಲ ಎಣಿಕಿ ಶುರು. 100 ಮೀಟರ್ ಹಗ್ಗ ಹಾಸ್ತಾರ, ಆ ಕಡೆ ಈ ಕಡೆ ಒಬ್ಬೊಬ್ರು, ಟಾರ್ಚ್ ಹಿಡಕೊಂಡು ಹೆಜ್ಜಿ ಮ್ಯಾಲ ಹೆಜ್ಜಿ, ಒಬ್ರು ಬರೀತಾರ. ಮಾತಿಲ್ಲ. ಅವತ್ತು ಬರಿಯೋ ಕೆಲಸ ನಂಗ ಕೊಟ್ರು. ತಾಸು, ಗಾಳಿಯ ಉಷ್ಣಾಂಶ, ಮಳಿ ಐತೋ ಇಲ್ಲೋ, ಆಮ್ಯಾಲ ಒಂದೊಂದು ಜೀವ, ನೆಲದಿಂದ ಎಷ್ಟು ಎತ್ತರ, ಕೂಗಿತೋ ಸುಮ್ಮನ ಕುಂತಿತ್ತೋ. ತಮ್ಮ ಕಲ್ಲು ಎತ್ತಿ ನೋಡ್ತಿದ್ದ, ನೋಡಿ ಹೆಂಗಿತ್ತೋ ಹಂಗ, ಅದೇ ಮಗ್ಗಲಿಗೆ, ಕೂಸಿನ್ನ ಮಲಗಿಸಿದಂಗ ಇಡ್ತಿದ್ದ, ಅಡಿಯಾಗ ಯಾರರೆ ಮನಿ ಮಾಡ್ಯಾರ ಅಂತ. ಅವ್ರು ಹುಡುಕ್ತಿದ್ದದ್ದು ಸಿಸಿಲಿಯನ್. ನೋಡಾಕ ಎರಿಹುಳದಂಗ, ಮಂದಿ ಹಾವಿನ ಮರಿ ಅಂತ ಹೊಡದು ಹಾಕ್ತಾರ, ಆದ್ರ ಅದು ಕಪ್ಪಿ ಬಳಗದ ಪ್ರಾಣಿ, ಕಾಲಿಲ್ಲ, ಎಲುಬು ಹಲ್ಲು ಎಲ್ಲಾ ಅದಾವ. ಇದೇ ಕೇರಿ ಕಡೆ ಸಿಕ್ಕ ಒಂದು ಜಾತಿಗೆ 2007ರಾಗ ಗೋವಾದ ಹೆಸರ ಇಟ್ಟಾರ. ಹಿಂದಿನ ಸಲ ಈ ಹಗ್ಗದ ಮ್ಯಾಲ ಮೂರು ಸಿಕ್ಕಿದ್ವು.

ಅವತ್ತು ಒಂದೂ ಸಿಗಲಿಲ್ಲ. ಐವತ್ತು ನಿಮಿಷ ಬಗ್ಗಿ ಬಗ್ಗಿ ಹುಡುಕಿ, ಮಳಿಯೊಳಗ ತೊಯ್ದು, ಏನೂ ಇಲ್ಲ. ನಾ ಆ ಸಾಲು ಖಾಲಿ ಬಿಟ್ಟಿದ್ದೆ. ಸರ್ ಬಂದು ಶೀಟಿನ ಮ್ಯಾಲ ಟಾರ್ಚ್ ಹಿಡದು, ಇಲ್ಲಿ ಸೊನ್ನೆ ಬರಿ ಅಂದ್ರು. ಖಾಲಿ ಬಿಟ್ರ ನಾವು ನೋಡೇ ಇಲ್ಲ ಅಂತ ಅರ್ಥ, ಸೊನ್ನೆ ಅಂದ್ರ ನೋಡಿದ್ವಿ, ಇರಲಿಲ್ಲ ಅಂತ, ಎರಡೂ ಬ್ಯಾರೆ. ಇಡೀ ದಿವಸದಾಗ ಅವ್ರು ಆಡಿದ್ದು ಅಷ್ಟ ಮಾತು ಅನಿಸ್ತೈತಿ. ನಂಗ ಮೈ ಝುಂ ಅಂತು. ವ್ಯಾಪಾರ ಇಲ್ಲದ ತಿಂಗಳೂ ನಿಲ್ ರಿಟರ್ನ್ ತುಂಬರಿ ಅಂತ ಅಂಗಡಿಯವ್ರಿಗೆ ನಾ ದಿನಾ ಬಡಕೋತೀನಿ, ಅದ ಮಾತು. ವರ್ಷದ ಬ್ಯಾಲೆನ್ಸ್ ಶೀಟ್‌ನ ಬರೇ ಒಂದು ತಿಂಗಳ ಪುಸ್ತಕ ನೋಡಿ ಮಾಡ್ರಿ ಅಂದ್ರ ನಾ ಸಹಿ ಮಾಡಿಸಾಕ ಒಯ್ಯೂದಿಲ್ಲ, ಅದನ್ನ ಕಳ್ಳ ಲೆಕ್ಕ ಅಂತೀವಿ, ಮತ್ತ ಅಕ್ಕಗ ಏಪ್ರಿಲ್ ಅಷ್ಟ ಇಟ್ಟು ಕೊಡ್ರಿ ಅಂದವ್ರು ಕೇಳಿದ್ದೂ ಅದನ್ನ ಅಲ್ಲೇನು. ಆ ಎರಡು ಪುಟ ಅಂತ ನಾ ಅಂದಿದ್ನಲ್ಲ, ಅದರಾಗ ಈ ನೀರು, ಈ ಹೂವು, ಮಾಮಾರ ಬಾವಿ ಎಲ್ಲಾ ಇದ್ವು.

ಅಲ್ಲಿಂದ ಇಳದು ಹಳ್ಳದ ಕಡೆ ಹೋದ್ವಿ. ಗಿಡದಾಗಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು, ನಾ ಜೀರುಂಡಿ ಅನ್ಕೊಂಡಿದ್ದೆ. ತಮ್ಮ ಕಿವಿ ಕೊಟ್ಟು, "ಅಣ್ಣಾರ, ಗಡಿಯಾರ ಕಪ್ಪಿ, ಐದು ಅದಾವ, ಒಂದು ಸ್ವಲ್ಪ ದೂರ" ಅಂದ. ಬೆರಳಿನ ಉಗುರಿಗಿಂತ ಚೂರು ದೊಡ್ಡದು, ಎಲಿ ಮ್ಯಾಲ ಕುಂತು ಗಂಟಲು ಉಬ್ಬಿಸಿ ಕೂಗ್ತಿತ್ತು. ಇಂಗ್ಲಿಷಿನಾಗ ಅದಕ್ಕ ಬಾಂಬೆ ಬುಶ್ ಫ್ರಾಗ್ ಅಂತ ಹೆಸರು, ಆದ್ರ 1919ರಾಗ ಅದನ್ನ ಹೆಸರಿಟ್ಟು ಬರದದ್ದು ನಮ್ಮ ಕ್ಯಾಸಲ್ ರಾಕ್ ಹತ್ರ ಸಿಕ್ಕ ಕಪ್ಪಿ ನೋಡಿ, ಅವಾಗ ಕಾರವಾರ ಜಿಲ್ಲಾ ಮುಂಬೈ ಸರಕಾರದಾಗ ಇತ್ತಲ್ಲ. ಇದು ನೀರಿಗೆ ಮೊಟ್ಟಿ ಇಡೂದಿಲ್ಲ, ಗೊದಮೊಟ್ಟಿನೂ ಆಗೂದಿಲ್ಲ, ಮೊಟ್ಟಿಯಿಂದ ಸೀದಾ ಸಣ್ಣ ಕಪ್ಪಿನ ಹೊರಗ ಬರ್ತೈತಿ. ಮುಂದ ನೀರಿನ ಮ್ಯಾಲ ಬಾಗಿದ ಟೊಂಗಿಗೆ ಸಾಬೂನಿನ ಬುರುಗಿನಂಥ ಒಂದು ಉಂಡಿ, ಅದು ಹಾರುಕಪ್ಪಿ ಗೂಡು. ಹಿಂಗಾಲಿಲೆ ಮಜ್ಜಿಗಿ ಕಡದಂಗ ಕಡದು ನೊರಿ ಎಬ್ಬಸ್ತಾವ, ಮರಿ ಆದ ಮ್ಯಾಲ ನೊರಿ ಕರಗಿ ಮಳಿ ಹನಿ ಜೋಡಿ ಕೆಳಗಿನ ನೀರಿಗೆ ಬೀಳ್ತಾವ.

ಗಡಿಯಾರ ಕಪ್ಪಿ ಅನ್ನೋದು ತಮ್ಮ ಇಟ್ಟ ಹೆಸರು. ಅವಂದು ಒಂದು ನೂರು ಪುಟದ ನೋಟ್‌ಬುಕ್ ಐತಿ, ಪ್ಲಾಸ್ಟಿಕ್ ಚೀಲದಾಗ ಸುತ್ತಿ ಅಂಗಿಯೊಳಗ ಇಟ್ಕೋತಾನ. ಕನ್ನಡ ಅವ್ವನಿಂದ ಕಲತದ್ದು, ಅಕ್ಷರ ಸೊಟ್ಟ ಅದಾವ. ಗಡಿಯಾರ ಕಪ್ಪಿ, ನೊರಿ ಕಪ್ಪಿ, ಸೈಕಲ್ ಬೆಲ್ ಕಪ್ಪಿ, ಅಜ್ಜನ ಕೆಮ್ಮಿನ ಕಪ್ಪಿ. ಒಂದೊಂದರ ಮುಂದ ಅಕ್ಕ ಪೆನ್ಸಿಲ್‌ನಿಂದ ಸೈಂಟಿಫಿಕ್ ಹೆಸರು ಬರದಾರ, ಅವನ ಅಕ್ಷರ ಒಂದೂ ತಿದ್ದಿಲ್ಲ. ಕತ್ತಲಾಗ ಬರೇ ಕಿವಿಲೆ ಇಪ್ಪತ್ತರ ಮ್ಯಾಲ ಗುರುತು ಹಿಡೀತಾನ ಅಂತ ಅಕ್ಕ ಹೇಳೂವಾಗ ಅವ್ರ ಮುಖ ನೋಡಬೇಕಿತ್ತು ನೀವು.

ಹಳ್ಳದ ದಂಡಿಗೆ ಕುಂತು ಚಾ ಕುಡಿಯೂವಾಗ ಮಾಮಾ ಕೊಂಕಣಿಯೊಳಗ ನನ್ನ ಊರು ಯಾವುದು ಕೇಳಿದ್ರು. ನವಲಗುಂದ ಅಂದೆ. ಸ್ವಲ್ಪ ಹೊತ್ತು ಬಿಟ್ಟು, ಮಹದಾಯಿ ನೀರು ಕೇಳೋ ಊರು ಅಲ್ಲಾ ಅದು ಅಂದ್ರು. ನಂಗ ಚಾ ಗಂಟಲಾಗ ನಿಂತಂಗಾತು. 2015ರಾಗ ನರಗುಂದ ನವಲಗುಂದದಾಗ ಧರಣಿ ಕುಂತಾಗ ನಮ್ಮಪ್ಪನೂ ಕುಂತಿದ್ದ, ಮಲಪ್ರಭಾ ಡ್ಯಾಮ್ ತುಂಬದ ವರ್ಷ ನಮ್ಮ ಹೊಲ ಹೆಂಗ ಇರ್ತೈತಿ ನಾ ನೋಡೀನಿ, ಕುಡಿಯೋ ನೀರಿಗೆ ಅವ್ವ ಎಷ್ಟು ದೂರ ಹೋಗ್ತಿದ್ಲು ಅದನ್ನೂ ನೋಡೀನಿ. 2018ರಾಗ ನ್ಯಾಯಮಂಡಳಿ 13.42 ಟಿಎಂಸಿ ಕೊಟ್ಟಿತು ಅಂದಾಗ ಸಾಲೂದಿಲ್ಲ ಅಂದವ್ರು ನಾವು. ಈಗ ನನ್ನ ಕಾಲಾಗ ಹರಿಯೋ ಈ ಹಳ್ಳ ವಾಳವಂಟಿ ಹೊಳಿ ಸೇರಿ ಅದೇ ನದಿಗೆ ಹೋಗ್ತೈತಿ. ನಾ ಮಾಮಾಗ ಅಪ್ಪನ ಧರಣಿ ಹೇಳಿದೆ, ಅವ್ವನ ಕೊಡ ಹೇಳಿದೆ. ಮಾಮಾ ಜಗಳ ಮಾಡಲಿಲ್ಲ, ಹೂಂ ಅಂತ ಕೇಳಿದ್ರು, ಆಮ್ಯಾಲ ಸ್ವಂತ ಕಥಿ ಹೇಳಿದ್ರು. ಹರೇದಾಗ ಮೊದಲ ಮಳಿಗೆ ಚೀಲ ತೊಗೊಂಡು ಗೋಣಗಪ್ಪಿ ಹಿಡ್ಯಾಕ ಹೋಗವ್ರಂತ, ಹೋಟೆಲಿನವ್ರು ಜಂಪಿಂಗ್ ಚಿಕನ್ ಅಂತ ರೊಕ್ಕ ಕೊಟ್ಟು ಒಯ್ತಿದ್ರು. 1972ರ ವನ್ಯಜೀವಿ ಕಾಯ್ದೆಯೊಳಗ ಅದು ಅಪರಾಧ ಅಂತ ಸರ್ ಮನಿಗೆ ಬಂದು ಕುಂತು ಹೇಳಿದಾಗ ಸಿಟ್ಟು ಬಂದಿತ್ತಂತ. 2020ರ ಜನವರಿಯೊಳಗ ಮಹದಾಯಿ ಅಭಯಾರಣ್ಯದಾಗ ವಿಷಕ್ಕ ನಾಕು ಹುಲಿ ಸತ್ವಲ್ಲ, ತಾಯಿ ಮತ್ತ ಮರಿಗಳು, ಅದಾದ ಮ್ಯಾಲ ಸರ್ ಊರೂರು ತಿರುಗಿ ಮೀಟಿಂಗ್ ಮಾಡೂವಾಗ ಮಾಮಾ ಅವ್ರ ಜೋಡಿ ಹೊಂಟ್ರಂತ. ಆ ಮೀಟಿಂಗಿನ ಡೀಸೆಲ್ಲೂ ಯಾವ ಪ್ರಾಜೆಕ್ಟಿಂದೂ ಅಲ್ಲ, ನಂಗ ಗೊತ್ತೈತಿ, ನಾನ ಬರದೀನಿ.

ವಾಪಸ್ ಬರೂವಾಗ ಘಾಟಿನ ರಸ್ತೆ ಮ್ಯಾಲ ಕಪ್ಪಿ ದಾಟ್ತಿದ್ವು, ಬಹಳಷ್ಟು ಗಾಲಿಗೆ ಸಿಕ್ಕು ಅಪ್ಪಚ್ಚಿ ಆಗಿದ್ವು. ತಮ್ಮ ಇಪ್ಪತ್ತರ ಸ್ಪೀಡಿನಾಗ ಹೊಡೀತಿದ್ದ, ಎರಡು ಸಲ ಇಳದು ಕೈಲೆ ಎತ್ತಿ ಆ ಕಡೆ ಬಿಟ್ಟ, ಅದು ಯಾವ ಕಡೆ ಮುಖ ಮಾಡಿತ್ತೋ ಆ ಕಡೆಗೇ. ಫೋಂಡಾ ಮುಟ್ಟೂದ್ರೊಳಗ ರಾತ್ರಿ ಒಂದಾಗಿತ್ತು. ಕಾಲಚೀಲ ಬಿಚ್ಚಿದ್ರ ಎರಡು ಜಿಗಳಿ, ಉಪ್ಪು ಹಾಕಿದೆ.

ಸೋಮವಾರ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯೊಳಗ ಹೊಸ ಲೆಡ್ಜರ್ ಮಾಡಿದೆ, "ಮಳೆಗಾಲದ ಎಣಿಕಿ" ಅಂತ, ಮೂರು ಡೀಸೆಲ್ ಬಿಲ್ಲು, ಶನಿವಾರದ್ದು ನಾಕನೇದು, ಮತ್ತ ಬ್ಲೀಚಿಂಗ್ ಪೌಡರ್ ಎಲ್ಲಾ ಅದಕ್ಕ ಹಾಕಿದೆ. ಅಕ್ಕಗ ಫೋನ್ ಮಾಡಿ ಬಾಕಿ ಬಿಲ್ಲಿನ ಬಗ್ಗೆ ವಕೀಲರ ನೋಟಿಸ್ ಕಳಸೋಣ, ಕಾಗದ ನಾ ಜೋಡಸ್ತೀನಿ ಅಂದೆ, ಹೋದ ವರ್ಷ ಅಂದ ಮಾತಿಗೆ ಕ್ಷಮಾನೂ ಕೇಳಿದೆ. ಅವ್ರು ನಕ್ಕು ಬಿಟ್ರು. ಅಮಾಸಿ ಕಳದ ಮ್ಯಾಲ ಶನಿವಾರ ಮತ್ತ ಹೊಂಟಾರ. ತಮ್ಮಗ ಒಂದು ಜೋಡಿ ಗಮ್‌ಬೂಟ್ ಹೆಚ್ಚಿಗಿ ತಾರೋ ಅಂತ ಹೇಳೀನಿ, ಒಂಬತ್ತು ನಂಬರ್.