ಚಿಕ್ಕಪೇಟೆಯಲ್ಲಿ ಕ್ವಿಲ್ಟ್ ಬಟ್ಟೆ ಖರೀದಿ: ಪ್ರಿಂಟ್ ನೋಡುವುದು ಕೊನೆಗೆ

ಕ್ವಿಲ್ಟ್ ಹೊಲಿಯುವ ಒಂದು ಸಣ್ಣ ಯೂನಿಟ್‌ಗೆ ಬಟ್ಟೆ, ದಾರ, ವ್ಯಾಡಿಂಗ್ (ಎರಡು ಬಟ್ಟೆಗಳ ನಡುವೆ ಹಾಕುವ ಮೆತ್ತನೆಯ ಪದರ) ತಂದು ಹಾಕುವುದು ನನ್ನ ಕೆಲಸ. ಹಾಗಾಗಿ ಓಡಾಟವೆಲ್ಲ ಚಿಕ್ಕಪೇಟೆ, ನಗರ್ತಪೇಟೆ, ಅವೆನ್ಯೂ ರೋಡ್ ಗಲ್ಲಿಗಳಲ್ಲೇ. ಹೊಸಬರನ್ನು ಜೊತೆಗೆ ಕರೆದುಕೊಂಡು ಹೋದರೆ ಮೊದಲ ಅಂಗಡಿಯಲ್ಲೇ ಪ್ರಿಂಟ್‌ಗಳ ಮುಂದೆ ನಿಂತುಬಿಡುತ್ತಾರೆ. ಕಲಂಕಾರಿ, ಅಜ್ರಖ್, ಇಂಡಿಗೋ ಬ್ಲಾಕ್ ಪ್ರಿಂಟ್. ಯಾರಿಗೆ ತಾನೇ ನಿಲ್ಲಬೇಕು ಅನ್ನಿಸಲ್ಲ? ಆದರೆ ಅಲ್ಲಿಂದ ಹೊರಡುವಷ್ಟರಲ್ಲಿ ದುಡ್ಡೂ ಖಾಲಿ, ಕಾಲೂ ಸೋತಿರುತ್ತವೆ. ಹಿಂಬದಿ ಬಟ್ಟೆ, ವ್ಯಾಡಿಂಗ್, ದಾರ ಮಾತ್ರ ಕೈಗೆ ಸಿಕ್ಕಿದ್ದು ಬರುತ್ತದೆ. ನಾನು ಇದಕ್ಕೆ ಉಲ್ಟಾ ಹೋಗುತ್ತೇನೆ. ಮೊದಲು ಕಣ್ಣಿಗೆ ಕಾಣದ ಸಾಮಾನು, ಆಮೇಲೆ ಪ್ರಿಂಟ್.

ಗಿರಾಕಿಗಳು ದೂರು ಹೇಳುವುದು ಸಾಮಾನ್ಯವಾಗಿ ಮೊದಲ ಸಲ ಒಗೆದ ಮೇಲೆ. ಮೇಲಿನ ಕಾಟನ್ ಕುಗ್ಗಿರುತ್ತದೆ, ಒಳಗಿನ ಪಾಲಿಯೆಸ್ಟರ್ ವ್ಯಾಡಿಂಗ್ ಇದ್ದ ಹಾಗೇ ಇರುತ್ತದೆ, ಕ್ವಿಲ್ಟ್ ಪೂರ್ತಿ ಮುದುಡಿಕೊಳ್ಳುತ್ತದೆ. ಇಲ್ಲವೇ ಕೆಂಪು ತುಂಡು ಪಕ್ಕದ ಬಿಳಿ ತುಂಡಿಗೆ ಬಣ್ಣ ಬಿಟ್ಟಿರುತ್ತದೆ. ಪ್ರಿಂಟ್ ಚೆನ್ನಾಗಿಲ್ಲ ಅಂತ ಕ್ವಿಲ್ಟ್ ವಾಪಸ್ ಬಂದದ್ದು ನನಗೆ ನೆನಪಿಲ್ಲ.

ಅದಕ್ಕೇ ದೊಡ್ಡ ಆರ್ಡರ್ ಕೊಡುವ ಮೊದಲು ಅರ್ಧ ಮೀಟರ್ ಮಾತ್ರ ತರುತ್ತೇನೆ. 10 ಇಂಚಿನ ಚೌಕ ಕತ್ತರಿಸಿ, ಒಗೆದು ಒಣಗಿಸಿ, ಮತ್ತೆ ಅಳೆಯುವುದು. ಅರ್ಧ ಇಂಚು ಹೋಗಿದ್ದರೆ 5 ಪರ್ಸೆಂಟ್ ಕುಗ್ಗಿದೆ ಅಂತ. 100 ಇಂಚಿನ ಕ್ವಿಲ್ಟ್‌ನಲ್ಲಿ ಅದು 5 ಇಂಚು! ಅಂಥ ಬಟ್ಟೆಯನ್ನು ತರಲೇಬಾರದು ಅಂತೇನಿಲ್ಲ. ಕತ್ತರಿಸುವ ಮೊದಲೇ ಒಗೆದುಕೊಳ್ಳಬೇಕು, ಆ ಖರ್ಚನ್ನು ರೇಟಿನಲ್ಲಿ ಸೇರಿಸಿಕೊಳ್ಳಬೇಕು, ಅಷ್ಟೇ.

ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರೀಕ್ಷೆಗಳೂ ಇವೆ. ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಗಸಗಸ ಉಜ್ಜಿ. ಬಿಳಿ ಪುಡಿ ಉದುರಿದರೆ ಆ ದಪ್ಪವೆಲ್ಲ ಗಂಜಿಯದು, ನೂಲಿನದಲ್ಲ. ಕರ್ಚೀಫಿನ ತುದಿ ಒದ್ದೆ ಮಾಡಿ ಕಡುಬಣ್ಣದ ಮೇಲೆ ತಿಕ್ಕಿ, ಬಣ್ಣ ಹತ್ತುತ್ತದಾ ನೋಡಿ. ಅಂಗಡಿಯವರು 'ನೂರಕ್ಕೆ ನೂರು ಕಾಟನ್ ಮೇಡಂ' ಅಂದರೆ 'ಒಂದೆರಡು ಎಳೆ ಕೊಡಿ ಅಣ್ಣ' ಅಂತ ಕೇಳಿ ಇಸ್ಕೊಳ್ಳಿ, ಹೊರಗೆ ಬಂದು ಕಡ್ಡಿ ಗೀರಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಮೆತ್ತಗೆ ಉದುರಿದರೆ ಕಾಟನ್. ಕರಗಿ ಗಟ್ಟಿ ಮಣಿಯ ಹಾಗೆ ಉಂಡೆ ಕಟ್ಟಿದರೆ ಪಾಲಿಯೆಸ್ಟರ್ ಬೆರೆಸಿದ್ದಾರೆ. ಬಟ್ಟೆ ಅಂಗಡಿ ಒಳಗೆ ಮಾತ್ರ ಕಡ್ಡಿ ಗೀರಬೇಡಿ, ಓಡಿಸಿಬಿಡುತ್ತಾರೆ.

ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಸೂಜಿ ಇರುತ್ತದೆ. ಇದನ್ನು ಕಲಿಸಿದ್ದು ನಮ್ಮಲ್ಲಿ ಕೈಹೊಲಿಗೆ ಹಾಕುವ ಗದಗ ಕಡೆಯ ಅಕ್ಕ. ಚಿಕ್ಕಂದಿನಿಂದ ಹಳೇ ಸೀರೆಗಳಲ್ಲಿ ಕೌದಿ ಹೊಲಿದ ಕೈ ಅವರದು. ಒಮ್ಮೆ ಒಳ್ಳೆಯದು ಅಂತ ದುಬಾರಿ ಬೆಡ್‌ಶೀಟ್ ಬಟ್ಟೆಯ ಸ್ಯಾಂಪಲ್ ತೋರಿಸಿದೆ. ಎರಡು ಪದರ ಮಡಚಿ ಸೂಜಿ ಚುಚ್ಚಿದರು. 'ನೋಡವ್ವಾ, ಸೂಜಿ ಕಿರ್ ಅಂತದ. ಇದರಾಗ ದಿನಾ ಹೊಲದ್ರ ಬೆರಳ ಹೋಗ್ತಾವ' ಅಂದರು. ನೇಯ್ಗೆ ಅಷ್ಟು ಒತ್ತಾಗಿದ್ದರೆ ಮಷಿನ್‌ಗೆ ಓಕೆ, ಕೈಹೊಲಿಗೆಗೆ ಆಗಲ್ಲ. ಥ್ರೆಡ್ ಕೌಂಟ್ (ಒಂದು ಚದರ ಇಂಚಿನಲ್ಲಿರುವ ಎಳೆಗಳ ಸಂಖ್ಯೆ) ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವ ಲೆಕ್ಕ ಹಾಸಿಗೆಯ ಮೇಲೆ ನಡೆಯಬಹುದು, ಇಲ್ಲಿ ನಡೆಯಲ್ಲ. ಕೈಹೊಲಿಗೆಗೆ ಕೇಂಬ್ರಿಕ್, ಒಗೆದು ಮೆತ್ತಗಾದ ಪಾಪ್ಲಿನ್ ಸಾಕು. ಬಹಳ ತೆಳು ಮಲ್ಮಲ್ ಆದರೆ ಒಳಗಿನ ಹತ್ತಿಯ ಎಳೆ ಮೇಲೆ ಇಣುಕುತ್ತದೆ.

ಇನ್ನು ಪನ್ನ, ಅಂದರೆ ಬಟ್ಟೆಯ ಅಗಲ. ರೇಟ್ ಕೇಳುವ ಮೊದಲು ಪನ್ನ ಕೇಳಿ. 60 ಇಂಚು ಅಗಲ, 90 ಇಂಚು ಉದ್ದದ ಸಿಂಗಲ್ ಕ್ವಿಲ್ಟ್ ಅಂದುಕೊಳ್ಳಿ. ಹೊಲಿಯುವಾಗ ಬಟ್ಟೆ ಸೆಳೆದುಕೊಳ್ಳುತ್ತದೆ, ಹಾಗಾಗಿ ಹಿಂಬದಿಗೆ ನಾಲ್ಕೂ ಕಡೆ 4 ಇಂಚು ಜಾಸ್ತಿ ಬೇಕು. ಅಂದರೆ 68ಕ್ಕೆ 98. 44 ಇಂಚು ಪನ್ನದಲ್ಲಿ ಎರಡು ಉದ್ದ ಜೋಡಿಸಬೇಕು, ಹತ್ತಿರ ಹತ್ತಿರ 5 ಮೀಟರ್ ಹೋಗುತ್ತದೆ, ನಡುವೆ ಜೋಡಿನ ಹೊಲಿಗೆ ಬೇರೆ. 108 ಇಂಚು ಪನ್ನದ ಶೀಟಿಂಗ್ ಸಿಕ್ಕರೆ ಅಡ್ಡ ಹಾಕಿ ಒಂದೂಮುಕ್ಕಾಲು ಮೀಟರಿಗೆ ಮುಗಿಯಿತು. ಮೀಟರಿಗೆ ರೇಟ್ ಎರಡರಷ್ಟಿದ್ದರೂ ಇದೇ ಅಗ್ಗ. ಆದರೆ ಕೈಹೊಲಿಗೆಯದಾದರೆ ಮತ್ತೆ ಸೂಜಿ ಚುಚ್ಚಿ ನೋಡಿಯೇ ತನ್ನಿ.

ವ್ಯಾಡಿಂಗ್ ಜಿಎಸ್‌ಎಂ (ಒಂದು ಚದರ ಮೀಟರಿಗೆ ಎಷ್ಟು ಗ್ರಾಂ) ಲೆಕ್ಕದಲ್ಲಿ ಸಿಗುತ್ತದೆ. ನಮ್ಮ ಬೆಂಗಳೂರಿನ ಚಳಿಗೆ 100 ಸಾಕು. 200 ಹಾಕಿಸಿಕೊಂಡವರು ಫ್ಯಾನ್ ಹಾಕಿಕೊಂಡು ಮಲಗಬೇಕಾಗುತ್ತದೆ. ದಾರದಲ್ಲಿ ಚೌಕಾಸಿ ಬೇಡ. ಕೋನಿನಿಂದ ಒಂದು ಮೊಳ ಬಿಚ್ಚಿ ಬೆಳಕಿಗೆ ಹಿಡಿಯಿರಿ, ಜುಂಗು ಜಾಸ್ತಿ ಕಂಡರೆ ಬಿಡಿ.

ಇಷ್ಟಾದ ಮೇಲೆ ಪ್ರಿಂಟ್. ಬಟ್ಟೆಯ ಥಾನನ್ನು ಹೊತ್ತು ಬಾಗಿಲಿಗೆ ಬನ್ನಿ, ಬಿಸಿಲಿನಲ್ಲಿ ನೋಡಿ. ಅಂಗಡಿಯ ಎಲ್‌ಇಡಿ ಕೆಳಗೆ ಮೆರೂನ್ ಅನ್ನಿಸಿದ್ದು ಹೊರಗೆ ಕಂದು ಆಗಿರುತ್ತದೆ. ಕಿಲೋ ಲೆಕ್ಕದ ಕಟ್ ಪೀಸ್ ಗಂಟಿನಲ್ಲಿ ಒಳ್ಳೊಳ್ಳೆ ತುಂಡು ಇರುತ್ತವೆ. ನಾನು ಮೇಲಿನ ನಾಲ್ಕು ನೋಡಿ ಒಪ್ಪುವುದಿಲ್ಲ, ಗಂಟು ಬಿಚ್ಚಿಸಿ ತಳದವರೆಗೂ ನೋಡುತ್ತೇನೆ. ಅಂಗಡಿಯವರು ಗೊಣಗುತ್ತಾರೆ, ಗೊಣಗಲಿ.

ಇಷ್ಟವಾದ ಪ್ರಿಂಟ್‌ನಲ್ಲಿ ಬೇಕಾದ್ದಕ್ಕಿಂತ ಅರ್ಧ ಮೀಟರ್ ಜಾಸ್ತಿಯೇ ತೆಗೆಯಿರಿ. ಮುಂದಿನ ವಾರ 'ಅದೇ ಮಾಲು ಮೇಡಂ' ಅಂತಲೇ ಕೊಡುತ್ತಾರೆ, ಆದರೆ ಬೇರೆ ಲಾಟ್ ಆಗಿದ್ದರೆ ಬಣ್ಣ ಒಂದು ಚೂರು ಆಚೆಈಚೆ ಇರುತ್ತದೆ. ಬಾರ್ಡರ್‌ಗೆ ಸಾಲದೆ ಬಂದು ಸೇರಿಸಿದ ಆ ತುಂಡು ದೂರದಿಂದಲೇ ಗೊತ್ತಾಗುತ್ತದೆ.