ಅದಕ್ಕ ಗೊತ್ತಾಗೇತಪ್ಪಾ

ಸೋಮವಾರ ಬೆಳಿಗ್ಗೆ ಆರೂವರೆಗೆ ಮಗಳ ವಿಡಿಯೊ ಕಾಲ್ ಬಂತು. ಅವಳಿರುವುದು ಅಮೆರಿಕದ ಓಹಾಯೊದಲ್ಲಿ, ಕ್ಲೀವ್‌ಲ್ಯಾಂಡ್ ಹತ್ತಿರ. ಅಲ್ಲಿ ಇನ್ನೂ ಭಾನುವಾರ ರಾತ್ರಿ ಒಂಬತ್ತು. ಫೋನನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟಿದ್ದಳು. ಅವಳ ಹಿಂದೆ ಕತ್ತಲು, ಕಿಟಕಿಯ ಆಚೆ ಎಟಿಎಂನಂಥ ಒಂದು ಪೆಟ್ಟಿಗೆ ಬೆಳಗುತ್ತಿತ್ತು.

"ಅಪ್ಪಾ, ಮಷೀನ್ ಒಲ್ಲೆ ಅಂದುಬಿಡ್ತು."

"ಯಾಕಂತ?"

"ಬ್ಯಾಟರಿ ಬಿಚ್ಚಿದ್ದು ಅದಕ್ಕ ಗೊತ್ತಾಗೇತಪ್ಪಾ."

ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ಬ್ಯಾಟರಿ ಬಿಚ್ಚು ಅಂತ ಹೇಳಿದವನು ನಾನೇ.

ಆ ಪೆಟ್ಟಿಗೆ ಅಲ್ಲಿನ ಹೊಗೆ ತಪಾಸಣೆಯದ್ದು. ನಮ್ಮ ಪಿಯುಸಿ ಇದ್ದ ಹಾಗೆ, ಆದರೆ ಹತ್ತಿರ ಒಬ್ಬ ಮನುಷ್ಯನೂ ಇರುವುದಿಲ್ಲ. ದಿನದ 24 ಗಂಟೆಯೂ ತೆರೆದಿರುತ್ತದೆ. ನಾವೇ ಗಾಡಿ ತಂದು ನಿಲ್ಲಿಸಬೇಕು. ಪೆಟ್ಟಿಗೆಯಿಂದ ಕೇಬಲ್ ಎಳೆದು ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಬೇಕು. ಸೈಲೆನ್ಸರ್‌ಗೆ ಪೈಪ್ ಹಾಕುವ ಮಾತೇ ಇಲ್ಲ. 1996ರಿಂದ ಈಚೆ ಅಲ್ಲಿ ಮಾರಿದ ಎಲ್ಲ ಪೆಟ್ರೋಲ್ ಕಾರುಗಳಲ್ಲೂ ಈ ಸಾಕೆಟ್ ಇದೆ. ಗಾಡಿಯ ಒಳಗಿನ ಕಂಪ್ಯೂಟರಿಗೆ ಪೆಟ್ಟಿಗೆ ಕೇಳುತ್ತದೆ, ಅದು ಹೇಳುತ್ತದೆ. ಇದು ಪಾಸಾಗದಿದ್ದರೆ ಆ ಭಾಗದ ಜಿಲ್ಲೆಗಳಲ್ಲಿ ರಿಜಿಸ್ಟ್ರೇಷನ್ ಮುಂದುವರಿಯುವುದಿಲ್ಲ. ಇನ್ನೊಂದು ತಮಾಷೆ, ಓಹಾಯೊದಲ್ಲಿ ಗಾಡಿಯ ರಿಜಿಸ್ಟ್ರೇಷನ್ ಮುಗಿಯುವುದು ಮಾಲೀಕರ ಹುಟ್ಟುಹಬ್ಬದ ದಿನ. ನನ್ನ ಮಗಳ ಹುಟ್ಟುಹಬ್ಬ ಇನ್ನು ಎರಡು ವಾರಕ್ಕೆ.

ಅಂಥ ಹೊತ್ತಿನಲ್ಲೇ ಅವಳ 2008ರ ಟೊಯೊಟಾದಲ್ಲಿ ಚೆಕ್ ಇಂಜಿನ್ ಲೈಟ್ ಹತ್ತಿತ್ತು. ಲೈಟ್ ಹತ್ತಿದ್ದರೆ ನೇರ ಫೇಲ್. ಹೋದ ಶನಿವಾರ ಫೋನಿನಲ್ಲೇ ತಪಾಸಣೆ ಮಾಡಿದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲಾಗಿತ್ತು. ಅಲ್ಲಿಂದ ಪೆಟ್ರೋಲ್ ಆವಿ ಸೋರಿದರೂ ಆ ಗಾಡಿಗಳು ಲೈಟ್ ಹಚ್ಚುತ್ತವೆ. ಪೆಟ್ರೋಲ್ ಹಾಕಿಸಿಕೊಂಡು ಬಂದವನು ಅಳಿಯ. ಒಳ್ಳೆ ಹುಡುಗ, ದಿನವೆಲ್ಲಾ ಕಂಪ್ಯೂಟರ್ ಮುಂದೆ ಏನೇನೋ ಬರೆಯುತ್ತಾನೆ, ಆದರೆ ಒಂದು ಮುಚ್ಚಳ ಟಕ್ ಅನ್ನುವ ತನಕ ತಿರುಗಿಸಲು ಬರುವುದಿಲ್ಲ.

ಮುಚ್ಚಳ ಬಿಗಿ ಮಾಡಿ ಕೆಲವು ದಿನ ಓಡಿಸಿದ್ದರೆ ಲೈಟ್ ತಾನಾಗಿಯೇ ಆರುತ್ತಿತ್ತು. ಅಷ್ಟು ತಾಳ್ಮೆ ನನಗಿರಲಿಲ್ಲ. "ಹತ್ತು ನಂಬರ್ ಪಾನಾ ತಗೊ, ಬ್ಯಾಟರಿ ಮೈನಸ್ ವಾಯರ್ ಬಿಚ್ಚು, ಕಾಲು ತಾಸು ಬಿಟ್ಟು ಹಚ್ಚು. ಲೈಟ್ ಹೋಗ್ತೈತಿ" ಅಂದೆ. ಹೋಯಿತು. "ಅಪ್ಪಾ, ನೀ ಬಾಳ ಶಾಣ್ಯಾ" ಅಂದಳು. ಆ ದಿನ ಒಂದು ರೊಟ್ಟಿ ಜಾಸ್ತಿ ತಿಂದೆ.

ಬ್ಯಾಟರಿ ಬಿಚ್ಚಿದರೆ ಲೈಟ್ ಒಂದೇ ಹೋಗುವುದಿಲ್ಲ, ಕಂಪ್ಯೂಟರಿನ ನೆನಪೂ ಹೋಗುತ್ತದೆ. ಆಕ್ಸಿಜನ್ ಸೆನ್ಸರ್ ಸರಿಯಿದೆಯಾ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡುತ್ತಿದೆಯಾ, ಟ್ಯಾಂಕಿನ ಆವಿ ಸೋರುತ್ತಿದೆಯಾ ಅಂತ ಗಾಡಿ ಓಡುತ್ತಾ ಓಡುತ್ತಾ ತನ್ನನ್ನು ತಾನೇ ನೋಡಿಕೊಂಡು ಟಿಕ್ ಹಾಕಿಕೊಂಡಿರುತ್ತದೆ. ಆ ಟಿಕ್‌ಗಳೆಲ್ಲ ಅಳಿಸಿಹೋಗಿ ಪಾಟಿ ಖಾಲಿ ಆಗುತ್ತದೆ. ಪೆಟ್ಟಿಗೆ ಮೊದಲು ನೋಡುವುದೇ ಆ ಪಾಟಿಯನ್ನು. 2001ರಿಂದ ಈಚಿನ ಗಾಡಿಗಳಲ್ಲಿ ಒಂದು ಟಿಕ್ ಕಡಿಮೆ ಇದ್ದರೆ ನಡೆಯುತ್ತದೆ. ಇವಳ ಗಾಡಿಯಲ್ಲಿ ಮೂರು ಇರಲಿಲ್ಲ. "ನಾಟ್ ರೆಡಿ" ಅಂತ ಚೀಟಿ ಕೊಟ್ಟು ಸುಮ್ಮನಾಗಿದೆ.

ಐಟಿಐಯಲ್ಲಿ 29 ವರ್ಷ ಮೋಟಾರ್ ಮೆಕ್ಯಾನಿಕ್ ಹುಡುಗರಿಗೆ ಕಲಿಸಿದ್ದೇನೆ. ಕಾರ್ಬ್ಯುರೇಟರ್ ಕಾಲದಲ್ಲಿ ಪಿಯುಸಿಗೆ ಹೋಗುವ ಮುಂಚೆ ಮಿಕ್ಸ್‌ಚರ್ ಸ್ಕ್ರೂ ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡಿ, ಪಾಸಾದ ಮೇಲೆ ಮತ್ತೆ ಹಿಂದಕ್ಕೆ ತಿರುಗಿಸುವುದು ಊರಿಗೆಲ್ಲ ಗೊತ್ತಿದ್ದ ಆಟ. ಅದನ್ನು ಮಾಡಬೇಡಿ ಅಂತ ನಾನು ಪ್ರತಿ ಬ್ಯಾಚಿಗೂ ಹೇಳಿದವನು. ಹೇಳಿದ್ದು ಊರಿನ ಮಕ್ಕಳಿಗೆ. ನನ್ನ ಮಗಳ ಅವಸರಕ್ಕೆ ಬಂದಾಗ ಅದೇ ಆಟ ಪಾನಾ ಬದಲಿಸಿಕೊಂಡು ಬಂತು, ಅಷ್ಟೆ.

"ಅಲ್ಲಿ ಯಾರೂ ಇಲ್ಲೇನು? ಒಂದು ಮಾತು ಕೇಳಿ ನೋಡಬೇಕಿತ್ತು" ಅಂದೆ.

"ಯಾರನ್ನ ಕೇಳ್ಲಿ? ನಾ ಮತ್ತ ಮಷೀನ್, ಇಬ್ರs."

ಹೆಂಡತಿ ಒಳಗಿನಿಂದಲೇ, "ನಿಮಗ್ಯಾಕ ಬೇಕಿತ್ರಿ ಊರ ಉಸಾಬರಿ" ಅಂದಳು. ಅದು ಊರಲ್ಲ, ಮಗಳು ಅಂತ ಹೇಳುವ ಧೈರ್ಯ ಆಗಲಿಲ್ಲ.

ಪುಸ್ತಕ ತೆಗೆದು, ಚಷ್ಮಾ ಹಾಕಿಕೊಂಡು, ಈ ಸಲ ಸರಿಯಾಗಿ ಓದಿ ಅವಳಿಗೆ ಬರೆದು ಕಳಿಸಿದೆ. ಗಾಡಿ ರಾತ್ರಿಯಿಡೀ ನಿಂತು ತಣ್ಣಗಾಗಬೇಕು. ಬೆಳಿಗ್ಗೆ ಚಾಲೂ ಮಾಡಿ ಹೈವೇಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿಸು. ಆಮೇಲೆ ಊರೊಳಗೆ ನಿಂತು ನಿಂತು ಓಡಿಸು. ಟ್ಯಾಂಕು ಪೂರ್ತಿ ತುಂಬಿರಬಾರದು, ಖಾಲಿಯೂ ಇರಬಾರದು, ಇಲ್ಲದಿದ್ದರೆ ಆವಿಯ ಪರೀಕ್ಷೆ ನಡೆಯುವುದೇ ಇಲ್ಲ. ಆದರೆ ಅಳಿಯ ಹೆಂಡತಿಗೆ ಸಹಾಯ ಆಗಲಿ ಅಂತ ಅಷ್ಟರಲ್ಲೇ ಫುಲ್ ಟ್ಯಾಂಕ್ ಮಾಡಿಸಿ ತಂದಿದ್ದ. ಏನು ಹೇಳೋದು.

ಬುಧವಾರ ನೋಡಿದರೆ ನನ್ನ 2009ರ ಆಲ್ಟೊದ ಪಿಯುಸಿಯೂ ಮುಗಿದಿತ್ತು. ಬಿಎಸ್-4 ಅನ್ನುವ ಹೊಗೆ ನಿಯಮದಿಂದ ಈಚಿನ ಗಾಡಿಗಳಿಗೆ ವರ್ಷಕ್ಕೊಮ್ಮೆ ಸಾಕು, ನಮ್ಮಂಥ ಹಳಬರು ಆರು ತಿಂಗಳಿಗೊಮ್ಮೆ ಹೋಗಬೇಕು. ಏರ್ ಫಿಲ್ಟರ್ ತೆಗೆದು ಧೂಳು ಬಡಿದೆ. ಪ್ಲಗ್ ಬಿಚ್ಚಿ ನೋಡಿದೆ, ತುದಿ ತಿಳಿ ಕಂದು ಬಣ್ಣ, ಚಂದ ಇತ್ತು. ಜಿಟಿಜಿಟಿ ಮಳೆಯಲ್ಲಿ ಮನೆಯಿಂದ ಒಂದು ಕಿಲೋಮೀಟರ್ ದೂರದ ತಪಾಸಣೆ ವ್ಯಾನಿಗೆ ಹೋದೆ. ಅಲ್ಲಿ ಕೂತಿದ್ದವನು ನನ್ನ ಹಳೇ ವಿದ್ಯಾರ್ಥಿ. ಬೆಳಗಾವಿಯಲ್ಲಿ ಯಾವ ಬಾನೆಟ್ ಎತ್ತಿದರೂ ಕೆಳಗೆ ನನ್ನ ವಿದ್ಯಾರ್ಥಿ ಒಬ್ಬ ಇರುತ್ತಾನೆ. ಎದ್ದು ನಿಂತ, ಕುರ್ಚಿ ಒರೆಸಿದ, ಚಹಾ ಹೇಳಿದ.

"ಸರ್, ನಿಮ್ಮ ಗಾಡಿಗೇನ್ ಪೈಪ್ ಹಾಕೂದ್ರಿ? ನಂಬರ್ ಪ್ಲೇಟ್ ಫೋಟೊ ಒಂದು ಹೊಡಿತೇನಿ, ಆತು."

ಹೋದ ಸಲ ಆಗಿದ್ದರೆ "ಆಗ್ಲಿ ಬಿಡಪಾ" ಅನ್ನುತ್ತಿದ್ದೆನೇನೋ. ಆದರೆ ಕಿವಿಯಲ್ಲಿ ಮಗಳ ಮಾತು ಕೂತಿತ್ತು. ಅದಕ್ಕ ಗೊತ್ತಾಗೇತಪ್ಪಾ.

"ಹಾಕಪಾ ಪೈಪ್" ಅಂದೆ.

ಹಾಕಿದ. ಇಬ್ಬರೂ ಸ್ಕ್ರೀನ್ ನೋಡುತ್ತಾ ನಿಂತೆವು. ನನ್ನ ಗಾಡಿಗೆ ಕಾರ್ಬನ್ ಮೊನಾಕ್ಸೈಡ್ ಶೇಕಡಾ 0.5 ದಾಟಬಾರದು. 0.62ಕ್ಕೆ ಬಂದು ನಿಂತಿತು.

ಆ ಹುಡುಗ ಮಾಡಿದ್ದನ್ನು ಈಗಲೂ ನೆನೆಯುತ್ತೇನೆ. ಸ್ಕ್ರೀನ್ ಬಿಟ್ಟು ನೆಲ ನೋಡಿದ. ಪೈಪನ್ನು ಮೆಲ್ಲಗೆ ತೆಗೆದು ಒರೆಸಿದ. "ಮಳಿಗಾಲದಾಗ ಈ ಮಷೀನ್ ಒಮ್ಮೊಮ್ಮೆ ಹಿಂಗs ತೋರಸ್ತೈತ್ರಿ ಸರ್" ಅಂದ. ಮಷೀನ್ ಸರಿಯಾಗೇ ಇತ್ತು, ಅದು ಅವನಿಗೂ ಗೊತ್ತು. ನನ್ನ ಮರ್ಯಾದೆ ಉಳಿಸಲು ಮಷೀನಿನ ಮೇಲೆ ಹಾಕಿದ. ಅಲ್ಲಿ ಕತ್ತಲಲ್ಲಿ ನನ್ನ ಮಗಳಿಗೆ ಹೀಗೆ ಹೇಳುವವರು ಯಾರೂ ಇರಲಿಲ್ಲ ಅಲ್ವಾ ಅಂತ ಅನ್ನಿಸಿತು. ಹಾಗೆಯೇ, ಅವಳಿಗೆ ಪೈಪ್ ಬೇಡ ಅನ್ನುವವರೂ ಇರಲಿಲ್ಲ. ಯಾವುದು ಒಳ್ಳೆಯದು ಅಂತ ಚಹಾ ಕುಡಿಯುವಷ್ಟು ಹೊತ್ತು ಯೋಚಿಸಿದೆ. ಚಹಾ ಚೆನ್ನಾಗಿತ್ತು, ಅದೇ ದೊಡ್ಡ ತೊಂದರೆ.

ತಪ್ಪು ನನ್ನದೇ. ಒಂದು ಕಿಲೋಮೀಟರಿಗೆ ಇಂಜಿನ್ ಎಲ್ಲಿ ಬಿಸಿಯಾಗುತ್ತದೆ? ಕನ್ವರ್ಟರ್ ಕಾಯದೆ ಅದರ ಕೆಲಸ ಶುರುವಾಗುವುದಿಲ್ಲ. ಮೊದಲ ವರ್ಷದ ಹುಡುಗರಿಗೆ ಹೇಳುವ ಪಾಠ ಇದು. ಎದುರಿಗೆ ನಿಂತವನಿಗೂ ನಾನೇ ಹೇಳಿದ್ದು. ಅವನು ನೆನಪಿಸಲಿಲ್ಲ. ಗಾಡಿ ತೆಗೆದುಕೊಂಡು ಖಾನಾಪುರ ರಸ್ತೆಗೆ ಬಂದು, ಉದ್ಯಮಬಾಗ್ ದಾಟಿ ಪೀರನವಾಡಿವರೆಗೆ ಹೋಗಿ ತಿರುಗಿ ಬಂದೆ. ದಾರಿಯಲ್ಲಿ ಸಿಕ್ಕ ಟೆಂಪೊ ಒಂದು ನನ್ನ ಮುಖಕ್ಕೇ ಕರಿ ಹೊಗೆ ಬಿಟ್ಟಿತು. ಅದಕ್ಕೂ ಪಿಯುಸಿ ಇದ್ದೇ ಇರುತ್ತದೆ ಬಿಡಿ.

ಎರಡನೇ ಸಲ 0.31.

ಇವತ್ತು ಬೆಳಿಗ್ಗೆ ಮತ್ತೆ ಆರೂವರೆಗೆ ಫೋನ್. ಐದು ದಿನ ಹೈವೇ ಸುತ್ತಿ, ಅಳಿಯನ ಫುಲ್ ಟ್ಯಾಂಕ್ ಅರ್ಧಕ್ಕೆ ಇಳಿಸಿದ್ದಾಳೆ. ಪೆಟ್ಟಿಗೆ ಕೊಟ್ಟ ಚೀಟಿಯನ್ನು ಕ್ಯಾಮೆರಾ ಮುಂದೆ ಹಿಡಿದಳು. ಪಾಸ್.

"ನಿಂದೂ ಪಿಯುಸಿ ಇತ್ತಂತ, ಅವ್ವ ಹೇಳಿದ್ಲು. ಏನಾತು?"

"ಆತವಾ."

"ಒಂದs ಸಲಕ್ಕ?"

"ಅಲ್ಲಿ ನೆಟ್‌ವರ್ಕ್ ಸರಿ ಇಲ್ಲ ಕಾಣ್ತೈತಿ, ನಿನ್ನ ದನಿ ಕೇಳವಲ್ದು" ಅಂದೆ.

ಮಗಳು ನಕ್ಕಳು.